ಶಾಲೆಗಳಲ್ಲಿ ಪರದೆಮುದ್ರಿಕೆ: ಕಲಿಕೆಯಲ್ಲಿಯೂ ಮೌಲ್ಯಮಾಪನದಲ್ಲಿಯೂ ಅದರ ಸ್ಥಾನ

1. ಪ್ರಶ್ನೆಯ ಸ್ವರೂಪ

16/64 ಎಂಬ ಭಿನ್ನರಾಶಿಯನ್ನು ಅತ್ಯಂತ ಸರಳ ರೂಪಕ್ಕೆ ತರಬೇಕೆಂಬ ಪ್ರಶ್ನೆಗೆ ವಿದ್ಯಾರ್ಥಿನಿಯೊಬ್ಬಳು 1/4 ಎಂದು ಉತ್ತರ ಬರೆದಳೆಂದು ಇಟ್ಟುಕೊಳ್ಳೋಣ. ಉತ್ತರವು ಸರಿಯಾಗಿದೆ, ಉಪಾಧ್ಯಾಯರು ಪೂರ್ತಿ ಅಂಕಗಳನ್ನು ಕೊಡುತ್ತಾರೆ. ಆದರೆ ಆಕೆ ಅಂಶ ಛೇದಗಳೆರಡನ್ನೂ 16ರಿಂದ ಭಾಗಿಸಿ ಈ ಉತ್ತರಕ್ಕೆ ಬಂದಳೋ, ಅಥವಾ ಮೇಲೊಂದು 6, ಕೆಳಗೊಂದು 6 ಇರುವುದನ್ನು ಕಂಡು ಎರಡನ್ನೂ ಹೊಡೆದುಹಾಕಿ ಉಳಿದುದನ್ನು ಬರೆದಳೋ ಎಂಬುದು ಉತ್ತರಪತ್ರಿಕೆಯಿಂದ ತಿಳಿಯತಕ್ಕ ವಿಷಯವಲ್ಲ. ಎರಡನೆಯ ದಾರಿಯನ್ನು ಹಿಡಿದವಳು ನಾಳೆ 13/34ನ್ನೂ ಅದೇ ರೀತಿಯಲ್ಲಿ 1/4 ಎಂದೇ ಬರೆದಾಳು. ಅಂದು ಆಕೆಗೆ ಸೊನ್ನೆ ದೊರೆಯುತ್ತದೆ. ಆಗಲೂ ತಪ್ಪು ಎಲ್ಲಿ ಹುಟ್ಟಿತೆಂಬುದು ಉಪಾಧ್ಯಾಯರಿಗೆ ಗೊತ್ತಾಗುವುದಿಲ್ಲ, ಆಕೆಗೂ ಗೊತ್ತಾಗುವುದಿಲ್ಲ.

ಲಿಖಿತ ಪರೀಕ್ಷೆಯ ಈ ಕೊರತೆಯು ಹೊಸದೇನೂ ಅಲ್ಲ. ವಿದ್ಯಾರ್ಥಿಯನ್ನು ಹತ್ತಿರ ಕುಳ್ಳಿರಿಸಿಕೊಂಡು ‘ಇದನ್ನು ಹೇಗೆ ಮಾಡಿದೆ, ಹೇಳು’ ಎಂದು ಕೇಳಿದರೆ ಕ್ಷಣಮಾತ್ರದಲ್ಲಿ ಗುಟ್ಟು ಬಯಲಾಗುತ್ತದೆಂಬುದನ್ನು ಅನುಭವಿಗಳಾದ ಉಪಾಧ್ಯಾಯರೆಲ್ಲರೂ ಬಲ್ಲರು. ಆದರೆ ನಲವತ್ತು ಮಂದಿಯ ತರಗತಿಯಲ್ಲಿ, ನಲವತ್ತು ನಿಮಿಷಗಳ ಪಾಠದಲ್ಲಿ, ಒಬ್ಬೊಬ್ಬರನ್ನೂ ಹೀಗೆ ಕೇಳಲು ಅವಕಾಶವೆಲ್ಲಿ? ಈಚಿನ ಎರಡು ದಶಕಗಳಲ್ಲಿ ಬಳಕೆಗೆ ಬಂದಿರುವ ಸ್ಕ್ರೀನ್‌ಕಾಸ್ಟ್ ಎಂಬ ಸಾಧನವು ಈ ಅಡಚಣೆಯನ್ನು ಎಷ್ಟರಮಟ್ಟಿಗೆ ನಿವಾರಿಸಬಲ್ಲುದು, ಎಲ್ಲಿ ನಿವಾರಿಸಲಾರದು ಎಂಬುದನ್ನು ಮಂಗಳೂರು ಮತ್ತು ಅದರ ಸುತ್ತಣ ಶಾಲೆಗಳ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

2. ಹೆಸರು ಮತ್ತು ಹಿನ್ನೆಲೆ

ಗಣಕಯಂತ್ರದ ಅಥವಾ ಮೊಬೈಲ್ ಫೋನಿನ ಪರದೆಯ ಮೇಲೆ ನಡೆಯುವ ಎಲ್ಲ ವ್ಯಾಪಾರವನ್ನೂ, ಅದನ್ನು ನಡೆಸುತ್ತಿರುವವನ ಮಾತಿನೊಂದಿಗೆ, ಒಂದೇ ಕಾಲದಲ್ಲಿ ಹಿಡಿದಿಡುವ ಚಲಚ್ಚಿತ್ರವೇ ಸ್ಕ್ರೀನ್‌ಕಾಸ್ಟ್. ಪರದೆಯನ್ನು ಹೀಗೆ ಚಿತ್ರಿಸಿಕೊಳ್ಳುವ ತಂತ್ರಾಂಶಗಳು 1990ರ ದಶಕದಲ್ಲಿಯೇ ಇದ್ದುವು. ಅವಕ್ಕೆ ಸರ್ವಸಮ್ಮತವಾದ ಹೆಸರು ಮಾತ್ರ ಇರಲಿಲ್ಲ. ಅಮೆರಿಕದ ಪತ್ರಿಕಾ ಬರೆಹಗಾರರಾದ ಜಾನ್ ಉಡೆಲ್ ಅವರು 2004ರಲ್ಲಿ ತಮ್ಮ ವಾಚಕರಿಂದ ಹೆಸರುಗಳನ್ನು ಆಹ್ವಾನಿಸಿ, ಬಂದವುಗಳಲ್ಲಿ ಸ್ಕ್ರೀನ್‌ಕಾಸ್ಟ್ ಎಂಬುದನ್ನು ಆರಿಸಿದರು. ಆ ಹೆಸರು ನೆಲೆನಿಂತಿತು. ಕನ್ನಡದಲ್ಲಿ ಧ್ವನಿಯನ್ನು ಹಿಡಿದಿಟ್ಟುದನ್ನು ಧ್ವನಿಮುದ್ರಿಕೆಯೆಂದು ಕರೆಯುವುದು ಬಹುಕಾಲದ ರೂಢಿ. ಅದೇ ಜಾಡಿನಲ್ಲಿ ಪರದೆಯನ್ನು ಹಿಡಿದಿಟ್ಟುದನ್ನು ಈ ಲೇಖನದ ಮಟ್ಟಿಗೆ ಪರದೆಮುದ್ರಿಕೆಯೆಂದು ಕರೆಯುತ್ತೇವೆ.

ಈ ಕಾರ್ಯಕ್ಕೆ ಬೇಕಾಗುವ ಉಪಕರಣಗಳು ಇಂದು ದುರ್ಲಭವಲ್ಲ. 2012ರಲ್ಲಿ ಹೊರಬಂದ ಓಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶವು ಮುಕ್ತವಾಗಿಯೂ ಉಚಿತವಾಗಿಯೂ ದೊರೆಯುತ್ತದೆ. ಐಫೋನುಗಳಲ್ಲಿ 2017ರಿಂದಲೂ, ಆಂಡ್ರಾಯ್ಡ್ ಫೋನುಗಳಲ್ಲಿ 2020ರ ಹನ್ನೊಂದನೆಯ ಆವೃತ್ತಿಯಿಂದಲೂ ಪರದೆಯನ್ನು ಮುದ್ರಿಸಿಕೊಳ್ಳುವ ಗುಂಡಿಯು ಯಂತ್ರದೊಡನೆಯೇ ಬರುತ್ತಿದೆ. ಆದುದರಿಂದ ಒಂದು ಫೋನು, ಒಂದು ನಿಶ್ಶಬ್ದವಾದ ಮೂಲೆ, ಮೂರು ನಿಮಿಷಗಳ ಅವಧಿ, ಇಷ್ಟಿದ್ದರೆ ಪರದೆಮುದ್ರಿಕೆಯು ಸಿದ್ಧವಾಗುತ್ತದೆ.

3. ಯಂತ್ರವು ಕೆಲಸಮಾಡುವ ಬಗೆ

ಶಾಲೆಗಳಲ್ಲಿ ಇದನ್ನು ಬಳಸಲು ಹೊರಟವರಿಗೆ ಮೊದಲು ಎದುರಾಗುವ ಸಂದೇಹವೆಂದರೆ, ಇಷ್ಟೊಂದು ಚಿತ್ರಗಳನ್ನು ಎಲ್ಲಿ ಇಟ್ಟುಕೊಳ್ಳುವುದು, ಹೇಗೆ ಕಳುಹಿಸುವುದು ಎಂಬುದು. ಇದಕ್ಕೆ ಉತ್ತರ ಕೊಡಬೇಕಾದರೆ ಸ್ವಲ್ಪ ಲೆಕ್ಕ ಮಾಡುವುದು ಅವಶ್ಯ.

ಸಾಧಾರಣವಾದ ಪರದೆಯೊಂದು ಅಡ್ಡಲಾಗಿ 1280, ಲಂಬವಾಗಿ 720 ಬಿಂದುಗಳಿಂದ ಕೂಡಿದೆಯೆಂದು ಭಾವಿಸೋಣ. ಒಟ್ಟು ಬಿಂದುಗಳು 9,21,600. ಪ್ರತಿಯೊಂದು ಬಿಂದುವಿನ ಬಣ್ಣವನ್ನು ಸೂಚಿಸಲು 3 ಬೈಟುಗಳು ಬೇಕಾಗುವುದರಿಂದ ಒಂದು ಚಿತ್ರಕ್ಕೆ 27,64,800 ಬೈಟುಗಳಾದುವು. ಸೆಕೆಂಡಿಗೆ 15 ಚಿತ್ರಗಳಂತೆ ಮೂರು ನಿಮಿಷಗಳ ಮುದ್ರಿಕೆಗೆ ಸುಮಾರು 746 ಕೋಟಿ ಬೈಟುಗಳಾಗುತ್ತವೆ. ಇಷ್ಟನ್ನು ಯಾವ ಶಾಲೆಯೂ ಸಂಗ್ರಹಿಸಲಾರದು. ಆದರೆ ಪರದೆಯ ಮೇಲೆ ಲೆಕ್ಕ ಬರೆಯುತ್ತಿರುವಾಗ ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ವ್ಯತ್ಯಾಸವು ಅತ್ಯಲ್ಪ. ಲೇಖನಿಯ ತುದಿಯಿರುವ ಒಂದೆರಡು ಅಂಗುಲಗಳಲ್ಲಿ ಮಾತ್ರ ಬದಲಾವಣೆಯುಂಟಾಗುತ್ತದೆ. ಬದಲಾಗದಿರುವ ಭಾಗವನ್ನು ಮತ್ತೆ ಮತ್ತೆ ದಾಖಲಿಸದೆ, ಬದಲಾದ ಭಾಗವನ್ನಷ್ಟೇ ದಾಖಲಿಸುವುದು ಸಂಕೋಚನ ವಿಧಾನದ ಮುಖ್ಯ ತಂತ್ರ. ಇದರಿಂದಾಗಿ ಸೆಕೆಂಡಿಗೆ 500 ಕಿಲೋಬಿಟ್‌ಗಳ ಪ್ರಮಾಣದಲ್ಲಿಯೇ ಅಕ್ಷರಗಳು ಸ್ಫುಟವಾಗಿ ಕಾಣುವ ಮುದ್ರಿಕೆಯನ್ನು ಪಡೆಯಬಹುದು. ಈ ಪ್ರಮಾಣದಲ್ಲಿ ಮೂರು ನಿಮಿಷಗಳ ಮುದ್ರಿಕೆಯು ಸುಮಾರು 11 ಮೆಗಾಬೈಟ್‌ಗಳಷ್ಟಾಗುತ್ತದೆ. ನಲವತ್ತು ಮಂದಿಯ ತರಗತಿಗೆ 450 ಮೆಗಾಬೈಟ್‌ಗಳು ಸಾಕು. ಅಗ್ಗದ ಪೆನ್‌ಡ್ರೈವ್ ಒಂದರಲ್ಲಿ ಇಡೀ ವರ್ಷದ ಕೆಲಸ ಹಿಡಿಯುತ್ತದೆ. ಅಂತರ್ಜಾಲ ಸಂಪರ್ಕವು ಇಲ್ಲದ ಶಾಲೆಯಲ್ಲಿಯೂ ಈ ಕಾರ್ಯವನ್ನು ನಡೆಸಲು ಅಡ್ಡಿಯಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

4. ಉಪಾಧ್ಯಾಯರ ಮುದ್ರಿಕೆ

ಪರದೆಮುದ್ರಿಕೆಯು ಶಿಕ್ಷಣಕ್ಷೇತ್ರವನ್ನು ಪ್ರವೇಶಿಸಿದುದು ಪಾಠ ಹೇಳುವ ಸಾಧನವಾಗಿ. ಸಾಲ್ಮನ್ ಖಾನ್ ಅವರು ದೂರದಲ್ಲಿದ್ದ ತಮ್ಮ ಬಂಧುವಿಗೆ ಗಣಿತ ಕಲಿಸಲು ತೊಡಗಿ, 2006ರಿಂದ ಯೂಟ್ಯೂಬಿನಲ್ಲಿ ಇರಿಸಿದ ಪಾಠಗಳು ಜಗತ್ಪ್ರಸಿದ್ಧವಾದುವು. ಕಪ್ಪು ಪರದೆಯ ಮೇಲೆ ಬಣ್ಣದ ಗೆರೆಗಳು, ಕಾಣದ ವ್ಯಕ್ತಿಯ ಮಾತು, ಇವೇ ಅವುಗಳ ಬಂಡವಾಳ. ಆ ಸಂಸ್ಥೆಯ ಪಾಠಗಳು ಈಗ ಕನ್ನಡದಲ್ಲಿಯೂ ದೊರೆಯುತ್ತವೆ.

ನಮ್ಮ ದೇಶದಲ್ಲಿ ಈ ವಿಧಾನವನ್ನು ಅತ್ಯಂತ ಶಿಸ್ತಿನಿಂದ ರೂಢಿಗೆ ತಂದುದು ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಆರಂಭವಾದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ. ಇದರ ಕ್ರಮವನ್ನು ಗಮನಿಸುವುದು ಉಪಯುಕ್ತ. ಪ್ರತಿಯೊಂದು ಪಾಠವೂ ಸುಮಾರು ಹತ್ತು ನಿಮಿಷಗಳದ್ದು. ಮೊದಲು ಎರಡು ಅಂಕಣಗಳಲ್ಲಿ ಪಾಠದ ಬರೆಹವನ್ನು ಸಿದ್ಧಪಡಿಸುತ್ತಾರೆ: ಒಂದರಲ್ಲಿ ಪರದೆಯ ಮೇಲೆ ನಡೆಯಬೇಕಾದ ಕ್ರಿಯೆ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಮಾತು. ಅದನ್ನು ವಿಷಯ ಬಲ್ಲವರಿಗಲ್ಲದೆ ವಿಷಯವನ್ನು ಅರಿಯದ ಹೊಸಬರಿಗೂ ತೋರಿಸಿ, ಅವರಿಗೆ ತಿಳಿಯದ ಎಡೆಗಳನ್ನು ತಿದ್ದುತ್ತಾರೆ. ಪರದೆಯ ಚಿತ್ರವನ್ನು ಇದ್ದಂತೆಯೇ ಬಿಟ್ಟು ಮಾತನ್ನು ಮಾತ್ರ ಕನ್ನಡವೇ ಮೊದಲಾದ ಭಾರತೀಯ ಭಾಷೆಗಳಿಗೆ ಮಾರ್ಪಡಿಸುತ್ತಾರೆ. ಕಲಿಯುವವನು ಪರದೆಯ ಅರ್ಧದಲ್ಲಿ ಪಾಠವನ್ನು ನೋಡುತ್ತ, ಉಳಿದರ್ಧದಲ್ಲಿ ತಾನೂ ಅದನ್ನೇ ಮಾಡುತ್ತ ಹೋಗಬೇಕು. ಕೇವಲ ನೋಡುವುದರಿಂದ ಕಲಿಕೆಯಾಗದು, ನೋಡಿದುದನ್ನು ಒಡನೆಯೇ ಮಾಡಬೇಕು ಎಂಬುದು ಈ ಯೋಜನೆಯ ತಿರುಳು.

ಕರ್ನಾಟಕದ ಪ್ರೌಢಶಾಲಾ ಉಪಾಧ್ಯಾಯರಲ್ಲಿ ಇಂಥ ಕೆಲಸಕ್ಕೆ ನೆಲ ಹದಮಾಡಿದುದು 2011ರಲ್ಲಿ ರಾಜ್ಯದ ಶಿಕ್ಷಕ ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆ. ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಉಪಾಧ್ಯಾಯರು ಮುಕ್ತ ತಂತ್ರಾಂಶಗಳನ್ನು ಕಲಿತು, ತಾವೇ ಸಿದ್ಧಪಡಿಸಿದ ಪಾಠಸಾಮಗ್ರಿಯನ್ನು ಹಂಚಿಕೊಳ್ಳುವುದು ಅದರ ಗುರಿ. ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ರಚಿಸಿದ ಜಿಯೋಜೀಬ್ರ ಎಂಬ ಗಣಿತ ತಂತ್ರಾಂಶವು ಅನೇಕ ಉಪಾಧ್ಯಾಯರಿಗೆ ಪರಿಚಿತವಾದುದು ಈ ಮಾರ್ಗದಿಂದಲೇ. ತ್ರಿಭುಜದ ಶೃಂಗವನ್ನು ಎಳೆದಾಡಿದಂತೆಲ್ಲ ಕೋನಗಳು ಬದಲಾದರೂ ಅವುಗಳ ಮೊತ್ತವು 180 ಡಿಗ್ರಿಯಾಗಿಯೇ ಉಳಿಯುವುದನ್ನು ಪರದೆಯ ಮೇಲೆ ತೋರಿಸುತ್ತ ವಿವರಿಸಿದರೆ, ಕರಿಹಲಗೆಯ ಮೇಲಿನ ಒಂದೇ ತ್ರಿಭುಜವು ಕೊಡಲಾರದ ಪ್ರತೀತಿಯು ದೊರೆಯುತ್ತದೆ.

ಗಡಿಯಾಚೆಯ ಕಾಸರಗೋಡನ್ನೂ ಇಲ್ಲಿ ನೆನೆಯಬೇಕು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಆ ಪ್ರದೇಶದ ಕನ್ನಡ ಮಾಧ್ಯಮ ಶಾಲೆಗಳು ಇಂದು ಕೇರಳದ ಪಠ್ಯಕ್ರಮವನ್ನು ಅನುಸರಿಸುತ್ತವೆ. ಕೇರಳವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಸಾಂಕ್ರಾಮಿಕ ರೋಗದ ಕಾರಣ ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಂದು ಆ ಸಂಸ್ಥೆಯು ತೊಡಗಿದ ಫಸ್ಟ್ ಬೆಲ್ ಪಾಠಮಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಸಿದ್ಧವಾದುವು. ಅದೇ ವರ್ಷ ಕರ್ನಾಟಕದಲ್ಲಿಯೂ ದೂರದರ್ಶನದ ಚಂದನ ವಾಹಿನಿಯ ಮೂಲಕ ಪಾಠಗಳು ಪ್ರಸಾರಗೊಂಡುವು. ನಮ್ಮ ಊರುಗಳಲ್ಲಿ ಅನೇಕ ಉಪಾಧ್ಯಾಯರು ಪರದೆಯನ್ನು ಮುದ್ರಿಸಿ ಮಕ್ಕಳಿಗೆ ವಾಟ್ಸಾಪ್ ಮೂಲಕ ಕಳುಹಿಸುವುದನ್ನು ಕಲಿತುದು ಆ ಸಂಕಟದ ದಿನಗಳಲ್ಲಿಯೇ.

ಉಪಾಧ್ಯಾಯರ ಮುದ್ರಿಕೆಯು ಹೇಗಿರಬೇಕೆಂಬ ವಿಷಯದಲ್ಲಿ ಸಂಶೋಧನೆಯ ಆಧಾರವು ಸಾಕಷ್ಟಿದೆ. ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಮೇಯರ್ ಅವರ ಪ್ರಯೋಗಗಳಿಂದ ತಿಳಿದುಬಂದಂತೆ, ಚಲಿಸುವ ಚಿತ್ರದೊಡನೆ ಆಡಿದ ಮಾತು ಕೂಡಿದರೆ ಕಲಿಕೆ ಹೆಚ್ಚುತ್ತದೆ. ಅದೇ ಮಾತನ್ನು ಪರದೆಯ ಮೇಲೆ ಅಕ್ಷರಗಳಲ್ಲಿಯೂ ತುಂಬಿದರೆ ಕಣ್ಣಿಗೆ ಹೊರೆಯಾಗಿ ಕಲಿಕೆ ಕುಗ್ಗುತ್ತದೆ. ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ, ಎಡ್‌ಎಕ್ಸ್ ಪಾಠಗಳನ್ನು ಜನರು 69 ಲಕ್ಷ ಬಾರಿ ವೀಕ್ಷಿಸಿದ ದಾಖಲೆಗಳನ್ನು ಪರಿಶೀಲಿಸಿ, ಪಾಠವು ಎಷ್ಟೇ ದೀರ್ಘವಾಗಿದ್ದರೂ ಸಾಮಾನ್ಯ ವೀಕ್ಷಕನ ಲಕ್ಷ್ಯವು ಆರು ನಿಮಿಷಗಳನ್ನು ಮೀರುವುದಿಲ್ಲವೆಂದು ಕಂಡುಕೊಂಡರು. ಅವರ ವೀಕ್ಷಕರು ಕಾಲೇಜು ಮಟ್ಟದ ಪಾಠಗಳನ್ನು ತಾವಾಗಿಯೇ ಅರಸಿ ಬಂದವರು. ಶಾಲಾಬಾಲಕರ ವಿಷಯದಲ್ಲಿ ಈ ಮಿತಿಯನ್ನು ಇನ್ನೂ ಕಡಮೆಯಾಗಿ ಎಣಿಸುವುದೇ ಕ್ಷೇಮ.

5. ವಿದ್ಯಾರ್ಥಿಯ ಮುದ್ರಿಕೆ

ಇಷ್ಟೆಲ್ಲ ಆದರೂ ಮೇಲ್ಕಂಡ ಉದಾಹರಣೆಗಳಲ್ಲಿ ಮಾತನಾಡುವವರು ಉಪಾಧ್ಯಾಯರು, ಕೇಳುವವರು ವಿದ್ಯಾರ್ಥಿಗಳು. ಮಂಗಳೂರಿನ ಶಿಕ್ಷಣಚರಿತ್ರೆಯನ್ನು ಅವಲೋಕಿಸಿದರೆ ಪ್ರತಿಯೊಂದು ಹೊಸ ಸಾಧನವೂ ಇದೇ ಹಾದಿಯನ್ನು ಹಿಡಿದುದು ಕಂಡುಬರುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದು, 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ವು ಹೊರಟಿತು. ಅಚ್ಚಿನ ಪುಸ್ತಕವು ಗುರುವಿನ ಮಾತಿಗೆ ಸ್ಥಿರತೆಯನ್ನು ತಂದಿತು. ಮಂಗಳೂರು ಆಕಾಶವಾಣಿಯು 1976ರಲ್ಲಿ ಆರಂಭವಾದಾಗ ಆ ಮಾತಿಗೆ ರೆಕ್ಕೆ ಬಂದಿತು. ದೂರದರ್ಶನವು ಅದಕ್ಕೆ ರೂಪವನ್ನು ಕೊಟ್ಟಿತು. ಆದರೆ ವಿದ್ಯಾರ್ಥಿಯು ಸ್ಲೇಟಿನ ಮೇಲೆ ಬರೆದುದು ಒದ್ದೆಬಟ್ಟೆಯೊಡನೆ ಅಳಿಸಿಹೋಗುತ್ತಿತ್ತು. ಬರೆಯುವಾಗ ತನ್ನಲ್ಲಿ ತಾನು ಆಡಿಕೊಂಡ ಮಾತಿಗೆ ಕಿವಿಗೊಟ್ಟವರೇ ಇಲ್ಲ. ವಿದ್ಯಾರ್ಥಿಯು ಬರೆದುದು, ಅಳಿಸಿದುದು, ತಡೆದು ಯೋಚಿಸಿದುದು, ಆಡಿದುದು, ಇವೆಲ್ಲವೂ ಒಟ್ಟಿಗೆ ಉಳಿಯುವುದು ಪರದೆಮುದ್ರಿಕೆಯಲ್ಲಿ. ಈ ಸಾಧನದ ಶ್ರೇಷ್ಠ ಪ್ರಯೋಜನವಿರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಹಿಂದಿನ ಉದಾಹರಣೆಗೆ ಮರಳೋಣ. ಅದೇ ವಿದ್ಯಾರ್ಥಿನಿಯು ಫೋನಿನ ಪರದೆಯ ಮೇಲೆ 16/64ನ್ನು ಬರೆದು, ಸುಲಭೀಕರಿಸುತ್ತ, ತಾನು ಮಾಡುವುದನ್ನು ಬಾಯಿಬಿಟ್ಟು ಹೇಳುತ್ತಾಳೆ. ‘ಮೇಲಿನ ಆರು, ಕೆಳಗಿನ ಆರು ಹೋಯಿತು’ ಎಂಬ ಒಂದೇ ಮಾತಿನಿಂದ ಉಪಾಧ್ಯಾಯರಿಗೆ ರೋಗದ ಮೂಲವು ತಿಳಿದುಬರುತ್ತದೆ. ದಶಮಾಂಶಗಳಲ್ಲಿಯೂ ಹಾಗೆಯೇ. 0.5, 0.35 ಇವುಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಊಹೆಯಿಂದ ಉತ್ತರಿಸಿದವನಿಗೂ ಸರಿಯಾಗುವ ಸಂಭವವು ಅರ್ಧಕ್ಕರ್ಧ. ‘ಮೂವತ್ತೈದು ಐದಕ್ಕಿಂತ ದೊಡ್ಡದು, ಆದ್ದರಿಂದ ಇದು’ ಎಂದು ಹೇಳಿದವನ ತಪ್ಪು ಮಾತ್ರ ಸ್ಪಷ್ಟವಾಗಿ ತೆರೆದು ನಿಲ್ಲುತ್ತದೆ; ಅದನ್ನು ತಿದ್ದಲು ಒಂದು ಅಳತೆಪಟ್ಟಿಯೂ ಐದು ನಿಮಿಷಗಳೂ ಸಾಕು.

ಆಡುತ್ತ ಯೋಚಿಸುವವನ ಮಾತನ್ನು ಪ್ರಮಾಣವಾಗಿ ಸ್ವೀಕರಿಸಬಹುದೆ? ಆಂಡರ್ಸ್ ಎರಿಕ್‌ಸನ್ ಮತ್ತು ಹರ್ಬರ್ಟ್ ಸೈಮನ್ ಅವರು 1980ರಲ್ಲಿ ಈ ಪ್ರಶ್ನೆಯನ್ನು ಕೂಲಂಕಷವಾಗಿ ಚರ್ಚಿಸಿದ್ದಾರೆ. ಕೆಲಸ ಮಾಡುತ್ತಿರುವಾಗಲೇ ಆಡಿದ ಮಾತು ವಿಶ್ವಾಸಾರ್ಹ. ಮುಗಿದ ಬಹುಕಾಲದ ಮೇಲೆ ನೆನಪಿನಿಂದ ಹೇಳಿದುದು ಅಷ್ಟು ವಿಶ್ವಾಸಾರ್ಹವಲ್ಲ. ‘ಏಕೆ’ ಎಂದು ಕಾರಣ ಕೊಡಲು ಹೇಳಿದರೆ ಯೋಚನೆಯ ಗತಿಯೇ ಮಾರ್ಪಡುತ್ತದೆಂಬುದನ್ನೂ ಅವರು ತೋರಿಸಿದರು. ಮನಶ್ಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇದು ದೋಷವಾಗಬಹುದು. ಶಾಲೆಯಲ್ಲಿ ಇದು ಗುಣವೇ ಸರಿ. ಮಿಷೆಲೀನ್ ಚಿ ಮತ್ತು ಸಂಗಡಿಗರು 1994ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ರಕ್ತಪರಿಚಲನೆಯ ಪಾಠವೊಂದನ್ನು ಓದಿಸಿದರು. ಪ್ರತಿ ವಾಕ್ಯವಾದ ಮೇಲೂ ಅದನ್ನು ತಮಗೆ ತಾವೇ ವಿವರಿಸಿಕೊಳ್ಳುವಂತೆ ಸೂಚಿಸಲ್ಪಟ್ಟವರು, ಅದೇ ಪಾಠವನ್ನು ಎರಡು ಬಾರಿ ಓದಿದವರಿಗಿಂತ ಹೆಚ್ಚು ಗ್ರಹಿಸಿದರು. ಆದ ಕಾರಣ ವಿದ್ಯಾರ್ಥಿಯ ಪರದೆಮುದ್ರಿಕೆಯು ಏಕಕಾಲದಲ್ಲಿ ಕಲಿಕೆಯೂ ಹೌದು, ಕಲಿಕೆಯ ಪರೀಕ್ಷೆಯೂ ಹೌದು.

ನಮ್ಮ ಕರಾವಳಿಗೆ ವಿಶೇಷವಾದ ಇನ್ನೊಂದು ಕಾರಣವುಂಟು. ಮಂಗಳೂರಿನ ಒಂದೇ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಈ ಮನೆಮಾತುಗಳ ಮಕ್ಕಳು ಒತ್ತಾಗಿ ಕುಳಿತಿರುತ್ತಾರೆ. ಪಾಠವು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ನಡೆಯುತ್ತದೆ. ‘ಒಂಜಿ, ರಡ್ಡ್, ಮೂಜಿ’ ಎಂದು ಮನಸ್ಸಿನಲ್ಲಿ ಎಣಿಸುವ ಮಗುವು ಕಾಗದದ ಮೇಲೆ ಇನ್ನೊಂದು ಭಾಷೆಯಲ್ಲಿ ವಾಕ್ಯ ರಚಿಸಬೇಕು. ಆಗ ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಅಂಕ ಕಡಮೆಯಾದರೆ, ಕೊರತೆಯು ವಿಜ್ಞಾನದ ತಿಳಿವಳಿಕೆಯದೋ ಬರೆವಣಿಗೆಯ ಭಾಷೆಯದೋ ಎಂದು ಬೇರ್ಪಡಿಸುವುದು ಕಷ್ಟ. ಪರದೆಯ ಮೇಲೆ ಚಿತ್ರವನ್ನು ಬಿಡಿಸುತ್ತ, ಬೇಕಾದೆಡೆಯಲ್ಲಿ ಮನೆಮಾತನ್ನು ಬೆರಸಿ ವಿವರಿಸಲು ಬಿಟ್ಟರೆ ಈ ಎರಡು ಕೊರತೆಗಳೂ ಬೇರೆಬೇರೆಯಾಗಿ ಕಾಣತೊಡಗುತ್ತವೆ. ಬರೆವಣಿಗೆಯಲ್ಲಿ ಹಿಂದುಳಿದವನೆಂಬ ಒಂದೇ ಕಾರಣದಿಂದ ದಡ್ಡನೆಂಬ ಹೆಸರನ್ನು ಹೊತ್ತ ಮಗುವಿಗೆ ಇದರಿಂದ ಆಗುವ ಉಪಕಾರವು ಸಾಮಾನ್ಯವಾದುದಲ್ಲ.

6. ಅಂಕ ಕೊಡುವ ಕ್ರಮ

ಪರದೆಮುದ್ರಿಕೆಯನ್ನು ಮೌಲ್ಯಮಾಪನಕ್ಕೆ ಒಳಪಡಿಸಬೇಕಾದರೆ ಅದಕ್ಕೆ ವ್ಯವಸ್ಥೆಯಲ್ಲಿ ಸ್ಥಾನವಿದೆಯೆ ಎಂಬುದನ್ನು ನೋಡಬೇಕು. 2009ರ ಶಿಕ್ಷಣ ಹಕ್ಕು ಅಧಿನಿಯಮವು ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿಯೂ ವ್ಯಾಪಕವಾಗಿಯೂ ಅಳೆಯಬೇಕೆಂದು ವಿಧಿಸಿದೆ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳುಂಟು, ಎಸ್.ಎಸ್.ಎಲ್.ಸಿ.ಯ ಹೆಚ್ಚಿನ ವಿಷಯಗಳಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿವೆ. ನಕಲು ಮಾಡಿದ ಪ್ರಬಂಧ, ಅಂಗಡಿಯಿಂದ ತಂದ ಚಿತ್ರಪಟ ಇವುಗಳಿಂದ ಅನೇಕ ವೇಳೆ ತುಂಬಿಹೋಗುವ ಈ 20 ಅಂಕಗಳ ಅವಕಾಶದಲ್ಲಿ ಮೂರು ನಿಮಿಷಗಳ ವಿವರಣೆಗೆ ಎಡೆಮಾಡಿಕೊಡುವುದು ಯುಕ್ತವೆಂದು ತೋರುತ್ತದೆ.

ಮುದ್ರಿಕೆಯನ್ನು ಆಲಿಸುವವರು ನಾಲ್ಕು ಅಂಶಗಳನ್ನು ಗಮನಿಸಬೇಕು. ಒಂದನೆಯದು, ಪ್ರಶ್ನೆಯು ಏನನ್ನು ಕೇಳುತ್ತದೆಂಬುದನ್ನು ವಿದ್ಯಾರ್ಥಿಯು ತನ್ನ ಮಾತಿನಲ್ಲಿ ಹೇಳಿದನೆ? ಎರಡನೆಯದು, ಪ್ರತಿಯೊಂದು ಹೆಜ್ಜೆಗೂ ಕಾರಣ ಕೊಟ್ಟನೆ? ಮೂರನೆಯದು, ನಡುವೆ ತಪ್ಪಿದರೆ ತಾನೇ ಕಂಡುಹಿಡಿದು ತಿದ್ದಿಕೊಂಡನೆ? ನಾಲ್ಕನೆಯದು, ಶಾಸ್ತ್ರದ ಪದಗಳನ್ನು ಅರ್ಥವರಿತು ಬಳಸಿದನೆ? ಕಂಠದ ಮಾಧುರ್ಯ, ಉಚ್ಚಾರಣೆಯ ಠೀವಿ, ಚಿತ್ರದ ಬೆಡಗು ಇವಕ್ಕೆ ಅಂಕಗಳನ್ನು ಕೊಡತಕ್ಕದ್ದಲ್ಲ. ಕೊಟ್ಟರೆ ಒಳ್ಳೆಯ ಫೋನು ಇರುವ ಮನೆಯ ಮಗುವಿಗೆ ಮುಂಬಲ ಕೊಟ್ಟಂತಾಗುತ್ತದೆ. ಮೂರನೆಯ ಅಂಶವು ವಿಶೇಷವಾಗಿ ಗಮನಾರ್ಹ. ಉತ್ತರಪತ್ರಿಕೆಯಲ್ಲಿ ಚಿತ್ತು ಎಂದರೆ ಕೊಳಕು. ಪರದೆಮುದ್ರಿಕೆಯಲ್ಲಿ ಅದು ಮಗುವಿನ ವಿವೇಕದ ಸಾಕ್ಷಿ.

ಇಂಥ ಅಂಕಗಳು ಉಪಾಧ್ಯಾಯರ ಮನೋಧರ್ಮವನ್ನು ಅವಲಂಬಿಸಿರುತ್ತವೆಂಬ ಆಕ್ಷೇಪವು ಸಹಜವಾದುದು. ಲಿಖಿತ ಪರೀಕ್ಷೆಯೂ ಈ ದೋಷದಿಂದ ಮುಕ್ತವಲ್ಲವೆಂಬುದನ್ನು ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅವರು 1912-13ರಷ್ಟು ಹಿಂದೆಯೇ, ಒಂದೇ ಉತ್ತರಪತ್ರಿಕೆಗೆ ಬೇರೆ ಬೇರೆ ಉಪಾಧ್ಯಾಯರು ಬಹು ಅಂತರದ ಅಂಕಗಳನ್ನು ಕೊಟ್ಟುದನ್ನು ತೋರಿಸಿ ಸಿದ್ಧಪಡಿಸಿದ್ದಾರೆ. ಪರಿಹಾರವೆಂದರೆ ಇಬ್ಬರು ಉಪಾಧ್ಯಾಯರು ಪ್ರತ್ಯೇಕವಾಗಿ ಆಲಿಸಿ ನಿರ್ಣಯ ಕೊಡುವುದು. ಅವರ ಸಾಮ್ಯವನ್ನು ಅಳೆಯುವಾಗ ಒಂದು ಎಚ್ಚರಿಕೆ ಅಗತ್ಯ. ಇಬ್ಬರೂ ಮುದ್ರಿಕೆಗಳನ್ನು ಕೇಳದೆಯೇ, ಮನಬಂದಂತೆ, ನೂರಕ್ಕೆ 80ನ್ನು ‘ಸಮರ್ಪಕ’ವೆಂದು ಬರೆದರೂ ಆಕಸ್ಮಿಕವಾಗಿಯೇ ನೂರಕ್ಕೆ 68ರಲ್ಲಿ ಅವರ ನಿರ್ಣಯಗಳು ಹೊಂದುತ್ತವೆ. ಆದುದರಿಂದ ಜೇಕಬ್ ಕೋಹೆನ್ ಅವರು 1960ರಲ್ಲಿ ಸೂಚಿಸಿದ ಕಪ್ಪಾ ಸೂತ್ರವು ಈ ಆಕಸ್ಮಿಕ ಭಾಗವನ್ನು ಕಳೆದು ಉಳಿದುದನ್ನು ಲೆಕ್ಕಿಸುತ್ತದೆ. ನಿಜವಾಗಿ 84ರಲ್ಲಿ ಸಾಮ್ಯ ಕಂಡುಬಂದರೆ, 84ರಿಂದ 68ನ್ನು ಕಳೆದ 16ನ್ನು, 100ರಿಂದ 68ನ್ನು ಕಳೆದ 32ರಿಂದ ಭಾಗಿಸಬೇಕು, ದೊರೆಯುವುದು 0.5 ಮಾತ್ರ. ನೋಟಕ್ಕೆ ಹಿರಿದೆನಿಸಿದ ಸಾಮ್ಯವು ವಾಸ್ತವದಲ್ಲಿ ಮಧ್ಯಮ ದರ್ಜೆಯದೆಂದು ಇದರಿಂದ ತಿಳಿಯುತ್ತದೆ.

7. ಅಡಚಣೆಗಳು

ಎಲ್ಲಕ್ಕಿಂತ ದೊಡ್ಡ ಅಡಚಣೆ ಉಪಾಧ್ಯಾಯರ ವೇಳೆ. ನಲವತ್ತು ಮಂದಿಯ ಮೂರು ನಿಮಿಷಗಳ ಮುದ್ರಿಕೆಗಳನ್ನು ಆಲಿಸಲು ಎರಡು ಗಂಟೆಗಳು ಬೇಕು. ಮೂರು ವಿಭಾಗಗಳಿಗೆ ಪಾಠ ಹೇಳುವವರಿಗೆ ಆರು ಗಂಟೆಗಳು. ಇದನ್ನು ಒಂದೇ ವಾರದಲ್ಲಿ ನಿರೀಕ್ಷಿಸುವುದು ಅನ್ಯಾಯ. ವಿಭಾಗಕ್ಕೆ ವಾರಕ್ಕೆ ಎಂಟು ಮಂದಿಯಂತೆ ಆಲಿಸಿದರೆ ವಾರಕ್ಕೆ 72 ನಿಮಿಷಗಳಾಗುತ್ತವೆ. ಐದು ವಾರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಗೆ ಇಪ್ಪತ್ತು ವಾರಗಳಾಗುತ್ತವೆ. ಆಲಿಸುವವರಿಲ್ಲದ ಮುದ್ರಿಕೆಯನ್ನು ಮಾಡಿಸಲೇಬಾರದು. ತನ್ನ ಮಾತನ್ನು ಯಾರೂ ಕೇಳಲಿಲ್ಲವೆಂದು ತಿಳಿದ ಮಗುವು ಎರಡನೆಯ ಸಾರಿ ಮನಬಿಚ್ಚಿ ಮಾತನಾಡುವುದಿಲ್ಲ.

ಎರಡನೆಯದು ಸಲಕರಣೆಯ ಅಸಮತೆ. ಅಸರ್ ಸಮೀಕ್ಷೆಯ ಪ್ರಕಾರ ಶಾಲಾಮಕ್ಕಳಿರುವ ಗ್ರಾಮೀಣ ಭಾರತದ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಉಳ್ಳವು 2018ರಲ್ಲಿ ಶೇಕಡ 36.5 ಇದ್ದು, 2021ರ ವೇಳೆಗೆ ಶೇಕಡ 67.6ಕ್ಕೆ ಏರಿದುವು. ಏರಿಕೆಯು ದೊಡ್ಡದು, ಆದರೂ ಆಗ ಮೂರರಲ್ಲೊಂದು ಮನೆ ಹೊರಗುಳಿದಿತ್ತು. ಸುಳ್ಯ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳು ಜಾಲಸಂಪರ್ಕವನ್ನು ಅರಸುತ್ತ ಮಳೆಯಲ್ಲಿ ರಸ್ತೆಬದಿಯಲ್ಲಿಯೂ ಗುಡ್ಡದ ಮೇಲೂ ಕುಳಿತುದನ್ನು ಜನರು ಮರೆತಿಲ್ಲ. ಆದ ಕಾರಣ ಮುದ್ರಿಕೆಯು ಮನೆಗೆಲಸವಾಗದೆ ಶಾಲೆಯಲ್ಲಿಯೇ, ಶಾಲೆಯ ಯಂತ್ರದಲ್ಲಿಯೇ, ಸರದಿಯ ಪ್ರಕಾರ ನಡೆಯಬೇಕು. ವಾರಕ್ಕೆ ಎಂಟು ಮಂದಿಗೆ ಒಂದೇ ಯಂತ್ರವು ಸಾಕಾಗುತ್ತದೆಂಬುದನ್ನು ಇಲ್ಲಿ ನೆನಪಿಡಬಹುದು. ಹೀಗೆ ಮಾಡುವುದರಿಂದ ಮನೆಯವರು ಬರೆದುಕೊಟ್ಟುದನ್ನು ಓದಿಹೇಳುವ ಮೋಸಕ್ಕೂ ಆಸ್ಪದವಿರುವುದಿಲ್ಲ. ಆದರೂ ಅನುಮಾನ ಬಂದರೆ ಲೆಕ್ಕದ ಒಂದು ಸಂಖ್ಯೆಯನ್ನು ಬದಲಿಸಿ ಮತ್ತೊಮ್ಮೆ ಹೇಳಿಸಿದರೆ ನಿಜಸ್ಥಿತಿ ತಿಳಿದೀತು.

ಮೂರನೆಯದು ಮಗುವಿನ ಮಾನರಕ್ಷಣೆ. ತಪ್ಪುಮಾಡುತ್ತಿರುವ ಮಗುವಿನ ಧ್ವನಿಯು ಮುದ್ರಿಕೆಯಲ್ಲಿದೆ. ಅದು ಒಮ್ಮೆ ವಾಟ್ಸಾಪ್ ಗುಂಪನ್ನು ಸೇರಿದರೆ ನಗೆಪಾಟಲಿಗೆ ಕಾರಣವಾಗಿ, ಹಿಂದಕ್ಕೆ ಪಡೆಯಲಾಗದಂತಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರ ದತ್ತಾಂಶದ ವಿಷಯದಲ್ಲಿ ಪೋಷಕರ ಸಮ್ಮತಿ ಬೇಕೆಂಬ ತತ್ತ್ವವನ್ನು ಅಂಗೀಕರಿಸಿದೆ. ಕಾನೂನು ಇರಲಿ, ಇಲ್ಲದಿರಲಿ, ಉಪಾಧ್ಯಾಯರ ಧರ್ಮವೂ ಇದನ್ನೇ ಹೇಳುತ್ತದೆ. ಮುಖವನ್ನು ಚಿತ್ರಿಸದೆ ಪರದೆಯನ್ನೂ ಧ್ವನಿಯನ್ನೂ ಮಾತ್ರ ಹಿಡಿಯಬೇಕು. ಕಡತಕ್ಕೆ ಹೆಸರಿನ ಬದಲು ಸಂಖ್ಯೆಯನ್ನು ಕೊಡಬೇಕು. ಶಾಲೆಯ ಹೊರಗೆ ಹೋಗಗೊಡದೆ ವರ್ಷಾಂತ್ಯದಲ್ಲಿ ಅಳಿಸಬೇಕು. ತರಗತಿಗೆ ಮಾದರಿಯಾಗಿ ಕೇಳಿಸಬೇಕಾದರೆ ಆ ಮಗುವಿನ ಒಪ್ಪಿಗೆಯನ್ನು ಮೊದಲು ಪಡೆಯಬೇಕು.

8. ಉಪಸಂಹಾರ

ಇಲ್ಲಿಯವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಉಪಾಧ್ಯಾಯರ ಪರದೆಮುದ್ರಿಕೆಯು ಉಪಯುಕ್ತವಾದರೂ ಅದು ಪಠ್ಯಪುಸ್ತಕದ ಹಾಗೂ ಪ್ರಸಾರದ ಮುಂದುವರಿಕೆಯಷ್ಟೆ. ವಿದ್ಯಾರ್ಥಿಯ ಮುದ್ರಿಕೆಯು ಬೇರೆಯೇ ಬಗೆಯದು. ಲಿಖಿತ ಪರೀಕ್ಷೆಗೆ ಎಟುಕದ ಯೋಚನೆಯ ಹಾದಿಯನ್ನು ಅದು ತೋರಿಸುತ್ತದೆ, ಬರೆವಣಿಗೆಯ ಭಾಷೆಯಿಂದ ತಿಳಿವಳಿಕೆಯನ್ನು ಬೇರ್ಪಡಿಸಿ ಕಾಣಿಸುತ್ತದೆ, ವಿವರಿಸುವ ಕ್ರಿಯೆಯಿಂದಲೇ ಕಲಿಕೆಯನ್ನು ಹೆಚ್ಚಿಸುತ್ತದೆ. ಅದರ ಯಂತ್ರಭಾಗವು ಅಗ್ಗ. ಆಲಿಸುವ ಉಪಾಧ್ಯಾಯರ ವೇಳೆಯೇ ಅದರ ನಿಜವಾದ ಬೆಲೆ.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಇದನ್ನು ಕೈಗೊಳ್ಳಬೇಕೆಂದಿರುವವರಿಗೆ ನಮ್ಮ ಸಲಹೆಯು ಇಷ್ಟೆ: ಒಂದು ವಿಷಯ, ಒಂದು ತರಗತಿ, ವಾರಕ್ಕೆ ಎಂಟು ಮಕ್ಕಳು, ಇಷ್ಟರಿಂದ ಆರಂಭಿಸಿರಿ. ಮೊದಲ ಸುತ್ತಿನಲ್ಲಿ ಅಂಕಗಳನ್ನು ಕೊಡಬೇಡಿರಿ. ನೆರೆಯ ತರಗತಿಯ ಸಹೋದ್ಯೋಗಿಗಳೊಬ್ಬರೂ ಅವೇ ಮುದ್ರಿಕೆಗಳನ್ನು ಪ್ರತ್ಯೇಕವಾಗಿ ಆಲಿಸಲಿ. ಅನಂತರ ಇಬ್ಬರೂ ಕುಳಿತು ಎಲ್ಲೆಲ್ಲಿ ಭಿನ್ನಾಭಿಪ್ರಾಯ ಬಂದಿತೆಂದು ನೋಡಿಕೊಳ್ಳಿರಿ. ಆ ಚರ್ಚೆಯಿಂದ ಉಪಾಧ್ಯಾಯರು ತಮ್ಮ ಮಕ್ಕಳ ವಿಷಯವಾಗಿ ಕಲಿಯುವುದೂ ಬಹಳವುಂಟು. ಮುದ್ರಿಕೆಗೆ ಅಂಕಗಳು ಆ ಬಳಿಕ ಬಂದರೆ ಸಾಕು.